ಅಧಿಕಾರಸ್ಥರ ಆಸ್ತಿವಿವರ ಮತ್ತು ಖಾಸಗಿತನ: ಒಂದು ಚಾರಿತ್ರಿಕ ನೋಟ

1

ಕಚೇರಿಯ ಫೈಲಿಗೆ ನಾವು ಇಂದು ಬಳಸುವ ‘ಕಡತ’ ಎಂಬ ಪದ ಹಳೆಯದು. ಬಟ್ಟೆಗೆ ಹುಣಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು ಗಟ್ಟಿ ಮಾಡಿ, ಮಡಿಕೆ ಮಡಿಕೆಯಾಗಿ ಮಡಿಸಿ, ಅದರ ಕಪ್ಪು ಮೈಯ ಮೇಲೆ ಬಳಪದಿಂದ ಲೆಕ್ಕ ಬರೆದಿಡುತ್ತಿದ್ದ ಪುಸ್ತಕವೇ ಕಡತ ಅಥವಾ ಕಡಿತ. ಶೃಂಗೇರಿ ಮಠದ ಕಡತಗಳು ಇತಿಹಾಸ ಸಂಶೋಧಕರಿಗೆ ಚಿರಪರಿಚಿತವಾಗಿವೆ. ಬರೆದುದನ್ನು ಅಳಿಸಿ ಮತ್ತೆ ಬರೆಯಬಹುದಾಗಿದ್ದ, ಬರೆಯಿಸಿದವರ ವಶದಲ್ಲಿಯೇ ಉಳಿಯುತ್ತಿದ್ದ ದಾಖಲೆ ಅದು.

ಇದಕ್ಕೆ ಎದುರಾಗಿ ನಿಲ್ಲುವುದು ಶಾಸನ. ಅದನ್ನು ಗುಡಿಯ ಮುಂದೆ, ಕೆರೆಯ ಏರಿಯ ಬಳಿ, ಊರ ನಡುವೆ ನಿಲ್ಲಿಸುತ್ತಿದ್ದರು. ದತ್ತಿಯಾಗಿ ಬಿಟ್ಟ ಭೂಮಿ ಎಷ್ಟು ಮತ್ತರು, ಯಾವ ಗಳೆಯಿಂದ ಅಳೆದದ್ದು, ಮೂಡಲ ಎಲ್ಲೆಗೆ ಯಾವ ಕಲ್ಲು, ಪಡುವಲ ಎಲ್ಲೆಗೆ ಯಾವ ಮರ, ಯಾರ ಸಮಕ್ಷಮದಲ್ಲಿ ದತ್ತಿ ನಡೆಯಿತು ಎಂಬುದನ್ನೆಲ್ಲ ಶಾಸನ ಹೇಳುತ್ತದೆ. ದಾನಿಯ ಒಟ್ಟು ಸಂಪತ್ತೆಷ್ಟು, ಅವನ ಮನೆಯಲ್ಲಿ ಹೊನ್ನೆಷ್ಟು ಎಂಬುದನ್ನು ಮಾತ್ರ ಹೇಳುವುದಿಲ್ಲ. ಊರಿಗೆ ಸಂಬಂಧಿಸಿದ ಅಂಶವಷ್ಟೇ ಕಲ್ಲಿಗೆ ಏರುತ್ತಿತ್ತು. ಅಕ್ಷರಜ್ಞಾನ ಕೆಲವರಿಗಷ್ಟೇ ಇದ್ದ ಕಾಲದಲ್ಲಿ ಶಾಸನವನ್ನು ಓದಬಲ್ಲವರು ಕಡಿಮೆಯಿದ್ದರೂ ಅದು ಎಲ್ಲರ ಕಣ್ಣೆದುರು ನಿಂತಿತ್ತೆಂಬುದು ಮುಖ್ಯ. ಆ ಭೂಮಿಯನ್ನು ಮುಂದೆ ಅಪಹರಿಸುವವನು ಊರ ಅರಿವನ್ನು ಎದುರಿಸಬೇಕಾಗಿತ್ತು.

ಅಧಿಕಾರದಲ್ಲಿರುವವರ ಆಸ್ತಿಯನ್ನು ಅರಿಯುವ ಹಕ್ಕು ಯಾರಿಗಿದೆ, ಎಷ್ಟರಮಟ್ಟಿಗೆ ಇದೆ ಎಂಬ ಪ್ರಶ್ನೆಯ ಇತಿಹಾಸವನ್ನು ಈ ಎರಡು ಮಾದರಿಗಳ ಬೆಳಕಿನಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಆಸ್ತಿವಿವರ ಅಂತರಜಾಲಕ್ಕೆ ಏರಿದ ಮೇಲೆ ಖಾಸಗಿತನದ ಹೆಸರಿನಲ್ಲಿ ಎದ್ದ ಆಕ್ಷೇಪಗಳಲ್ಲಿ ನಿಜವಾದವೂ ಇವೆ. ಆದರೆ ಅವುಗಳಿಗೆ ಪರಿಹಾರವಿರುವುದು ಪ್ರಕಟವಾಗುವ ದಾಖಲೆಯಲ್ಲಿ ಏನಿರಬೇಕೆಂದು ಗೊತ್ತುಮಾಡುವುದರಲ್ಲಿ. ದಾಖಲೆಯನ್ನೇ ಮುಚ್ಚಿಡುವುದರಲ್ಲಿ ಅಲ್ಲ. ಇದು ಇಲ್ಲಿನ ಪ್ರತಿಪಾದನೆ.

2

ಅಧಿಕಾರಿಯ ಆದಾಯವನ್ನೂ ವೆಚ್ಚವನ್ನೂ ಹೋಲಿಸಿ ನೋಡಬೇಕೆಂಬ ವಿಚಾರ ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣ ಲೆಕ್ಕದ ಕಚೇರಿಯಾದ ಅಕ್ಷಪಟಲವನ್ನು ವಿವರಿಸುತ್ತದೆ, ರಾಜಧನವನ್ನು ಅಪಹರಿಸುವ 40 ಬಗೆಗಳನ್ನು ಪಟ್ಟಿಮಾಡುತ್ತದೆ. ಆದಾಯ ಅಲ್ಪವಾಗಿದ್ದು ವೆಚ್ಚ ದೊಡ್ಡದಾಗಿರುವವನು ಅರಸನ ಹಣವನ್ನು ತಿನ್ನುತ್ತಿದ್ದಾನೆಂದು ತಿಳಿಯಬೇಕೆಂಬ ಪೂರ್ವಾಚಾರ್ಯರ ಮತವೂ ಅಲ್ಲಿ ಚರ್ಚೆಗೆ ಬರುತ್ತದೆ. ಕೌಟಿಲ್ಯ ಅದನ್ನು ಪೂರ್ತಿಯಾಗಿ ಒಪ್ಪುವುದಿಲ್ಲ. ನಿಜವನ್ನು ಗೂಢಚಾರರಿಂದಲೇ ತಿಳಿಯಬೇಕೆನ್ನುತ್ತಾನೆ. ಯಾವ ಮತವನ್ನು ಹಿಡಿದರೂ ತಿಳಿಯುವವನು ಅರಸನೇ. ಪ್ರಜೆಗೆ ಆ ತಿಳಿವಿನಲ್ಲಿ ಪಾಲಿಲ್ಲ.

ಸ್ವತಂತ್ರ ಭಾರತದ ಮೊದಲ ದಶಕಗಳ ವ್ಯವಸ್ಥೆಯೂ ಈ ದೃಷ್ಟಿಯಿಂದ ಹೆಚ್ಚು ಭಿನ್ನವಾಗಿರಲಿಲ್ಲ. 1947ರಲ್ಲಿ ಭ್ರಷ್ಟಾಚಾರ ಪ್ರತಿಬಂಧಕ ಅಧಿನಿಯಮ ಬಂದಿತು. 1962ರಲ್ಲಿ ಕೆ. ಸಂತಾನಂ ಅವರ ಅಧ್ಯಕ್ಷತೆಯಲ್ಲಿ ನೇಮಕಗೊಂಡ ಸಮಿತಿ 1964ರಲ್ಲಿ ವರದಿ ಸಲ್ಲಿಸಿತು. ಅದೇ ವರ್ಷ ಬಲ್ಲ ಆದಾಯಕ್ಕೆ ಮೀರಿದ ಆಸ್ತಿಯನ್ನು ಹೊಂದಿರುವುದೇ ಅಪರಾಧವೆಂದು ಕಾನೂನು ತಿದ್ದುಪಡಿಯಾಯಿತು. 1964ರ ಕೇಂದ್ರ ನಾಗರಿಕ ಸೇವಾ ನಡತೆ ನಿಯಮಗಳು, 1966ರ ಕರ್ನಾಟಕದ ನಡತೆ ನಿಯಮಗಳು, 1968ರ ಅಖಿಲ ಭಾರತ ಸೇವಾ ನಡತೆ ನಿಯಮಗಳು ಇವೆಲ್ಲವೂ ನೌಕರನು ತನ್ನ ಆಸ್ತಿಯ ವಿವರವನ್ನು ಸರ್ಕಾರಕ್ಕೆ ಸಲ್ಲಿಸಬೇಕೆಂದು ವಿಧಿಸಿದವು. ವಿವರ ನೇರವಾಗಿ ಇಲಾಖೆಯ ಕಡತವನ್ನು ಸೇರುತ್ತಿತ್ತು. ನೌಕರನ ಮೇಲೆ ದೂರು ಬಂದಾಗ ಕಡತ ತೆರೆಯುತ್ತಿತ್ತು. ಉಳಿದ ಕಾಲದಲ್ಲಿ ಅದು ಮುಚ್ಚಿಯೇ ಇರುತ್ತಿತ್ತು. ಒಡೆಯ ಮತ್ತು ಸೇವಕ ಎಂಬ ಸಂಬಂಧವೇ ಈ ನಿಯಮಗಳ ತಳಹದಿ.

1984ರ ಕರ್ನಾಟಕ ಲೋಕಾಯುಕ್ತ ಅಧಿನಿಯಮದಲ್ಲಿ ಸ್ವಲ್ಪ ಬೇರೆಯಾದ ಒಂದು ಏರ್ಪಾಡು ಕಾಣುತ್ತದೆ. ಅದರ 22ನೆಯ ಪ್ರಕರಣದಂತೆ ಮಂತ್ರಿಗಳು, ಶಾಸಕರು ಮೊದಲಾದವರು ತಮ್ಮ ಹಾಗೂ ಕುಟುಂಬದವರ ಆಸ್ತಿ ಮತ್ತು ಹೊಣೆಗಳ ವಿವರವನ್ನು ಪ್ರತಿವರ್ಷ ಜೂನ್ 30ರೊಳಗೆ ಲೋಕಾಯುಕ್ತರಿಗೆ ಸಲ್ಲಿಸಬೇಕು. ಸಲ್ಲಿಸದಿದ್ದರೆ ಲೋಕಾಯುಕ್ತರು ಸಕ್ಷಮ ಪ್ರಾಧಿಕಾರಕ್ಕೆ ವರದಿ ಮಾಡಬೇಕು. ಆಮೇಲೂ ಎರಡು ತಿಂಗಳು ಸಲ್ಲಿಸದಿದ್ದರೆ ಅಂಥವರ ಹೆಸರನ್ನು ರಾಜ್ಯದಲ್ಲಿ ಹೆಚ್ಚು ಪ್ರಸಾರವುಳ್ಳ ಮೂರು ಪತ್ರಿಕೆಗಳಲ್ಲಿ ಪ್ರಕಟಿಸಬೇಕು. ಇಲ್ಲಿ ವಿವರದ ಒಳಗಣ ವಿಷಯ ಲೋಕಾಯುಕ್ತರ ಬಳಿ ಉಳಿಯುತ್ತದೆ. ವಿವರ ಸಲ್ಲಿಕೆಯಾಗಿಲ್ಲವೆಂಬ ಸಂಗತಿ ಮಾತ್ರ ಊರಿಗೆ ತಿಳಿಯುತ್ತದೆ. ‘ಸಲ್ಲಿಸಿದ್ದಾರೆಯೆ’ ಎಂಬ ಪ್ರಶ್ನೆ ಬೇರೆ, ‘ಅದರಲ್ಲಿ ಏನಿದೆ’ ಎಂಬ ಪ್ರಶ್ನೆ ಬೇರೆ. ಮುಂದೆ ಸರ್ವೋಚ್ಚ ನ್ಯಾಯಾಲಯದಲ್ಲಿ ಹಲವು ವರ್ಷ ಚರ್ಚೆಗೊಳಗಾದ ಈ ಭೇದವನ್ನು ಕರ್ನಾಟಕದ ಕಾನೂನು 1984ರಲ್ಲಿಯೇ ಗುರುತಿಸಿತ್ತೆಂಬುದು ಗಮನಾರ್ಹ.

3

ತಿಳಿಯುವವನು ಅರಸನಲ್ಲ, ಮತದಾರ ಎಂಬ ನಿಲುವು ಸ್ಪಷ್ಟವಾಗಿ ರೂಪುಗೊಂಡದ್ದು 2002 ಮತ್ತು 2003ರಲ್ಲಿ. ಅಹಮದಾಬಾದಿನ ಭಾರತೀಯ ವ್ಯವಸ್ಥಾಪನ ಸಂಸ್ಥೆಯ ಅಧ್ಯಾಪಕರು ಸೇರಿ ಕಟ್ಟಿದ ಅಸೋಸಿಯೇಷನ್ ಫಾರ್ ಡೆಮಾಕ್ರಟಿಕ್ ರಿಫಾರ್ಮ್ಸ್ ಎಂಬ ಸಂಸ್ಥೆ 1999ರಲ್ಲಿ ದೆಹಲಿ ಉಚ್ಚ ನ್ಯಾಯಾಲಯಕ್ಕೆ ಹೋಯಿತು. ಅಭ್ಯರ್ಥಿಗಳ ಅಪರಾಧ ಹಿನ್ನೆಲೆ, ಆಸ್ತಿ, ವಿದ್ಯಾರ್ಹತೆಗಳು ಮತದಾರನಿಗೆ ತಿಳಿಯಬೇಕೆಂಬುದು ಅದರ ಬೇಡಿಕೆ. 2002ರ ಮೇ 2ರಂದು ಸರ್ವೋಚ್ಚ ನ್ಯಾಯಾಲಯ ಈ ಬೇಡಿಕೆಯನ್ನು ಎತ್ತಿಹಿಡಿದು, ಸಂವಿಧಾನದ 19(1)(ಎ) ಅನುಚ್ಛೇದದ ವಾಕ್‌ಸ್ವಾತಂತ್ರ್ಯದಲ್ಲಿಯೇ ಮತದಾರನ ಅರಿಯುವ ಹಕ್ಕು ಅಡಗಿದೆಯೆಂದಿತು.

ಇದಕ್ಕೆ ಸಂಸತ್ತು ಕೊಟ್ಟ ಉತ್ತರ ನಮ್ಮ ಚರ್ಚೆಗೆ ಬಹಳ ಮುಖ್ಯ. 2002ರ ಆಗಸ್ಟ್‌ನಲ್ಲಿ ಸುಗ್ರೀವಾಜ್ಞೆ ಹೊರಟಿತು. ಬಳಿಕ ಪ್ರಜಾಪ್ರಾತಿನಿಧ್ಯ ಅಧಿನಿಯಮ ತಿದ್ದುಪಡಿಯಾಯಿತು. ನ್ಯಾಯಾಲಯದ ತೀರ್ಪು ಏನೇ ಹೇಳಿದ್ದರೂ ಅಧಿನಿಯಮ ಕೇಳಿದುದಕ್ಕಿಂತ ಹೆಚ್ಚಿನ ಯಾವ ವಿವರವನ್ನೂ ಅಭ್ಯರ್ಥಿ ಕೊಡಬೇಕಾಗಿಲ್ಲವೆಂದು 33ಬಿ ಪ್ರಕರಣ ಹೇಳಿತು. ಆಸ್ತಿವಿವರವನ್ನು ಗೆದ್ದವರು ಮಾತ್ರ, ಗೆದ್ದ ಮೇಲೆ, ಸದನದ ಅಧ್ಯಕ್ಷರಿಗೆ ಸಲ್ಲಿಸಿದರೆ ಸಾಕೆಂದು 75ಎ ಪ್ರಕರಣ ಹೇಳಿತು. ಅಂದರೆ ನ್ಯಾಯಾಲಯ ಶಾಸನವನ್ನು ಕೇಳಿದರೆ ಸಂಸತ್ತು ಕಡತವನ್ನು ಕೊಟ್ಟಿತು.

2003ರ ಮಾರ್ಚ್ 13ರಂದು, ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್ ಮೊಕದ್ದಮೆಯಲ್ಲಿ, ಮೂವರು ನ್ಯಾಯಮೂರ್ತಿಗಳ ಪೀಠ 33ಬಿ ಪ್ರಕರಣವನ್ನು ರದ್ದುಗೊಳಿಸಿತು. ಪತಿ ಅಥವಾ ಪತ್ನಿಯ ಆಸ್ತಿಯನ್ನು ಕೇಳುವುದು ಚುನಾವಣೆಗೆ ನಿಲ್ಲದವರ ಖಾಸಗಿತನದಲ್ಲಿ ಕೈಹಾಕಿದಂತಾಗದೆ ಎಂಬ ಪ್ರಶ್ನೆಯನ್ನು ನ್ಯಾಯಮೂರ್ತಿ ಪಿ. ವೆಂಕಟರಾಮ ರೆಡ್ಡಿಯವರು ನೇರವಾಗಿ ಎತ್ತಿಕೊಂಡರು. ಖಾಸಗಿತನದ ಹಕ್ಕು ಇದೆ. ಆದರೆ ಅದಕ್ಕೂ ಪ್ರಜೆಯ ಅರಿಯುವ ಹಕ್ಕಿಗೂ ಸ್ಪರ್ಧೆ ಬಿದ್ದಾಗ ಹೆಚ್ಚಿನ ಸಾರ್ವಜನಿಕ ಹಿತವನ್ನು ಸಾಧಿಸುವ ಹಕ್ಕಿಗೆ ಮೊದಲನೆಯದು ಮಣಿಯಬೇಕೆಂಬುದು ಅವರ ಅಭಿಪ್ರಾಯದ ಸಾರ. ಖಾಸಗಿತನವನ್ನು ಅಲ್ಲಗಳೆಯದೆ, ಎರಡನ್ನೂ ತೂಗಿ ನೋಡಿ ತೀರ್ಮಾನಿಸಿದ್ದು ಈ ಅಭಿಪ್ರಾಯದ ವಿಶೇಷ.

ಈ ತೀರ್ಪಿನ ಫಲವಾಗಿ ಅಭ್ಯರ್ಥಿಗಳ ಪ್ರಮಾಣಪತ್ರಗಳು ಜಾಲತಾಣವನ್ನು ಸೇರಿವೆ. 2018ರ ಫೆಬ್ರವರಿಯಲ್ಲಿ ಲೋಕಪ್ರಹರಿ ಮೊಕದ್ದಮೆಯ ತೀರ್ಪು ಆದಾಯದ ಮೂಲವನ್ನೂ ತಿಳಿಸಬೇಕೆಂದಿತು. ಆದರೆ 75ಎ ಪ್ರಕರಣ ಉಳಿದುಕೊಂಡಿತು. 2004ರ ಲೋಕಸಭಾ ನಿಯಮಗಳಂತೆ ಸದಸ್ಯರ ಆಸ್ತಿಯ ವಹಿಯನ್ನು ಯಾರಿಗಾದರೂ ತೋರಿಸಬೇಕಾದರೆ ಸಭಾಧ್ಯಕ್ಷರ ಲಿಖಿತ ಅನುಮತಿ ಬೇಕು. ಒಬ್ಬನೇ ವ್ಯಕ್ತಿ, ಅವೇ ಆಸ್ತಿ. ಗೆಲ್ಲುವ ಮೊದಲು ಅದು ಎಲ್ಲರಿಗೂ ತೆರೆದಿದೆ, ಗೆದ್ದ ಮೇಲೆ ಸಲ್ಲಿಸಿದ ವಹಿ ಮುಚ್ಚಿದೆ. ಐದು ವರ್ಷದ ಅಧಿಕಾರಾವಧಿಯಲ್ಲಿ ಆಸ್ತಿ ಹೇಗೆ ಬೆಳೆಯಿತೆಂಬುದನ್ನು ಅರಿಯಲು ಮತದಾರ ಮುಂದಿನ ಚುನಾವಣೆಯ ಪ್ರಮಾಣಪತ್ರವನ್ನೇ ಕಾಯಬೇಕು.

4

ನ್ಯಾಯಾಂಗದ ಸ್ವಂತ ಇತಿಹಾಸ ಇನ್ನೂ ಕುತೂಹಲಕರವಾಗಿದೆ. 1997ರ ಮೇ 7ರಂದು, ಜೆ.ಎಸ್. ವರ್ಮಾ ಅವರು ಮುಖ್ಯ ನ್ಯಾಯಮೂರ್ತಿಯಾಗಿದ್ದಾಗ, ಸರ್ವೋಚ್ಚ ನ್ಯಾಯಾಲಯದ ಪೂರ್ಣ ಸಭೆ ಪ್ರತಿಯೊಬ್ಬ ನ್ಯಾಯಮೂರ್ತಿಯೂ ತನ್ನ ಆಸ್ತಿಯನ್ನು ಮುಖ್ಯ ನ್ಯಾಯಮೂರ್ತಿಗೆ ತಿಳಿಸಬೇಕೆಂದು ನಿರ್ಣಯಿಸಿತು. ಆ ವಿವರ ಗೋಪ್ಯವಾಗಿಯೇ ಉಳಿಯಬೇಕಾಗಿತ್ತು. ಹತ್ತು ವರ್ಷದ ಬಳಿಕ, 2007ರಲ್ಲಿ, ಸುಭಾಷ್ ಚಂದ್ರ ಅಗರ್‌ವಾಲ್ ಅವರು ಮಾಹಿತಿ ಹಕ್ಕಿನಡಿ ಕೇಳಿದ್ದು ಆಸ್ತಿಯ ವಿವರವನ್ನಲ್ಲ. ನಿರ್ಣಯದಂತೆ ವಿವರಗಳು ಸಲ್ಲಿಕೆಯಾಗಿವೆಯೆ ಎಂಬುದನ್ನು. 2009ರ ಜನವರಿಯಲ್ಲಿ ಕೇಂದ್ರ ಮಾಹಿತಿ ಆಯೋಗ, ಸೆಪ್ಟೆಂಬರಿನಲ್ಲಿ ದೆಹಲಿ ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠ, 2010ರ ಜನವರಿಯಲ್ಲಿ ಅಲ್ಲಿನ ಪೂರ್ಣಪೀಠ ಅವರ ಪರವಾಗಿ ನಿಂತವು. 2019ರ ನವೆಂಬರ್ 13ರಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವೂ ಅದನ್ನೇ ಎತ್ತಿಹಿಡಿಯಿತು. ವಿವರ ಸಲ್ಲಿಸಿದ್ದಾರೆಂಬ ಸಂಗತಿಯನ್ನು ತಿಳಿಸುವುದರಿಂದ ಖಾಸಗಿತನಕ್ಕೆ ಧಕ್ಕೆಯಿಲ್ಲ. ಒಳಗಣ ವಿಷಯದ ಪ್ರಶ್ನೆ ಬೇರೆಯದು ಎಂಬುದು ಈ ತೀರ್ಪುಗಳ ಸಾರ. ಒಂದು ಸರಳ ಪ್ರಶ್ನೆಗೆ ಕೊನೆಯ ಉತ್ತರ ದೊರೆಯಲು 12 ವರ್ಷ ಹಿಡಿಯಿತು.

ಈ ನಡುವೆ ಕರ್ನಾಟಕ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಡಿ.ವಿ. ಶೈಲೇಂದ್ರ ಕುಮಾರ್ ಅವರು 2009ರ ಆಗಸ್ಟ್‌ನಲ್ಲಿ ಲೇಖನವೊಂದನ್ನು ಬರೆದು, ಆಸ್ತಿಯ ವಿಷಯದಲ್ಲಿ ಎಲ್ಲ ನ್ಯಾಯಮೂರ್ತಿಗಳ ಪರವಾಗಿ ಮಾತನಾಡುವ ಅಧಿಕಾರ ಭಾರತದ ಮುಖ್ಯ ನ್ಯಾಯಮೂರ್ತಿಗೆ ಇಲ್ಲವೆಂದು ವಾದಿಸಿದರು. ಅದೇ ತಿಂಗಳು ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳು ಸ್ವ ಇಚ್ಛೆಯಿಂದ ವಿವರ ಪ್ರಕಟಿಸಲು ನಿರ್ಧರಿಸಿದರು. ನವೆಂಬರಿನಲ್ಲಿ ಅದು ಜಾಲತಾಣದಲ್ಲಿ ಕಾಣಿಸಿಕೊಂಡಿತು. ಮುಂದಿನ ವರ್ಷಗಳಲ್ಲಿ ಈ ಪದ್ಧತಿ ಸಡಿಲವಾಯಿತು. 2025ರ ಏಪ್ರಿಲ್ 1ರಂದು ಪೂರ್ಣ ಸಭೆ ಮತ್ತೆ ನಿರ್ಣಯ ಕೈಗೊಂಡು, ಮೇ ತಿಂಗಳಲ್ಲಿ ವಿವರಗಳನ್ನು ಪ್ರಕಟಿಸಿತು. ಇಚ್ಛೆಯನ್ನೇ ಆಧರಿಸಿದ ಬಹಿರಂಗ ಎಷ್ಟು ಕಾಲ ನಿಲ್ಲಬಲ್ಲದು ಎಂಬುದಕ್ಕೆ ಈ 16 ವರ್ಷಗಳೇ ನಿದರ್ಶನ.

5

ನೇಮಕಗೊಂಡ ಅಧಿಕಾರಿಗಳ ವಿಷಯದಲ್ಲಿ ಹಾದಿ ಹಿಮ್ಮುಖವಾಯಿತು. 2005ರ ಮಾಹಿತಿ ಹಕ್ಕು ಅಧಿನಿಯಮದ 8(1)(ಜೆ) ಪ್ರಕರಣ ವೈಯಕ್ತಿಕ ಮಾಹಿತಿಗೆ ವಿನಾಯಿತಿ ಕೊಟ್ಟಿತ್ತು. ಆದರೆ ಸಾರ್ವಜನಿಕ ಕಾರ್ಯಕ್ಕೆ ಸಂಬಂಧಿಸಿದ್ದಲ್ಲದ ಅಥವಾ ಅಕಾರಣವಾಗಿ ಖಾಸಗಿತನಕ್ಕೆ ಧಕ್ಕೆ ತರುವ ಮಾಹಿತಿಗೆ ಮಾತ್ರ ಆ ವಿನಾಯಿತಿ ಸಲ್ಲುತ್ತಿತ್ತು. ವಿಶಾಲ ಸಾರ್ವಜನಿಕ ಹಿತವಿದ್ದರೆ ಅದನ್ನೂ ಕೊಡಬೇಕಾಗಿತ್ತು. ಸಂಸತ್ತಿಗೆ ಅಥವಾ ವಿಧಾನಮಂಡಲಕ್ಕೆ ನಿರಾಕರಿಸಲಾಗದ ಮಾಹಿತಿಯನ್ನು ಯಾವ ವ್ಯಕ್ತಿಗೂ ನಿರಾಕರಿಸಬಾರದೆಂಬ ಪರಂತುಕವೂ ಅಲ್ಲಿತ್ತು. 2012ರ ಅಕ್ಟೋಬರ್ 3ರಂದು ಗಿರೀಶ್ ರಾಮಚಂದ್ರ ದೇಶಪಾಂಡೆ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ನೌಕರನೊಬ್ಬನ ಆಸ್ತಿ, ಆದಾಯ ತೆರಿಗೆ ವಿವರ, ಶಿಸ್ತು ಕ್ರಮದ ಪತ್ರಗಳು ಎಲ್ಲವೂ ವೈಯಕ್ತಿಕವೆಂದಿತು. ಸಾರ್ವಜನಿಕ ಹಿತವನ್ನು ಸ್ಥಾಪಿಸುವ ಹೊಣೆ ಕೇಳುವವನ ಮೇಲೆ ಬಿದ್ದಿತು. ವಿವರವನ್ನು ನೋಡದೆ ಅದರಲ್ಲಿ ಸಾರ್ವಜನಿಕ ಹಿತವಿದೆಯೆಂದು ತೋರಿಸುವುದು ಹೇಗೆಂಬ ಪ್ರಶ್ನೆ ಮಾತ್ರ ಉಳಿದುಕೊಂಡಿತು.

2013ರ ಲೋಕಪಾಲ ಮತ್ತು ಲೋಕಾಯುಕ್ತ ಅಧಿನಿಯಮದ 44ನೆಯ ಪ್ರಕರಣ ಇನ್ನೊಂದು ತುದಿಗೆ ಹೋಯಿತು. ಪ್ರತಿಯೊಬ್ಬ ಸಾರ್ವಜನಿಕ ನೌಕರನೂ ತನ್ನ, ಪತಿ ಅಥವಾ ಪತ್ನಿಯ, ಅವಲಂಬಿತ ಮಕ್ಕಳ ಆಸ್ತಿಯನ್ನು ತಿಳಿಸಬೇಕು. ಅದನ್ನು ಪ್ರತಿವರ್ಷ ಆಗಸ್ಟ್ 31ರೊಳಗೆ ಜಾಲತಾಣದಲ್ಲಿ ಪ್ರಕಟಿಸಬೇಕು. ದೊಡ್ಡ ಅಧಿಕಾರಿಗೂ ಕೆಳಗಿನ ಗುಮಾಸ್ತನಿಗೂ ಒಂದೇ ಅಳತೆ. ನೆರವು ಪಡೆಯುವ ಸೇವಾಸಂಸ್ಥೆಗಳ ಪದಾಧಿಕಾರಿಗಳೂ ಇದರ ವ್ಯಾಪ್ತಿಗೆ ಬಂದರು. ಆಕ್ಷೇಪಗಳು ಎದ್ದವು. ಸಲ್ಲಿಕೆಯ ಗಡುವು 2016ರ ಜುಲೈ ಕೊನೆಗೆ ಇದ್ದಾಗ, ಅದೇ ತಿಂಗಳ ಕೊನೆಯ ವಾರದಲ್ಲಿ ಸಂಸತ್ತು ಪ್ರಕರಣವನ್ನು ಬದಲಿಸಿ, ವಿವರವನ್ನು ಸರ್ಕಾರ ಗೊತ್ತುಪಡಿಸಿದ ನಮೂನೆ ಮತ್ತು ರೀತಿಯಲ್ಲಿ ಸಲ್ಲಿಸತಕ್ಕದ್ದೆಂದಷ್ಟೇ ಉಳಿಸಿತು. ಬದಲಾವಣೆ 2014ರ ಜನವರಿಯಿಂದಲೇ ಪೂರ್ವಾನ್ವಯವಾಗಿ ಜಾರಿಗೆ ಬಂದಿತು. ಕುಟುಂಬದವರ ಹೆಸರು, ಕೆಳಹಂತದ ನೌಕರರು ಇವುಗಳನ್ನು ಬಿಟ್ಟು ಉಳಿದುದನ್ನು ಪ್ರಕಟಿಸುವ ಮಧ್ಯಮ ಮಾರ್ಗ ಇದ್ದಿತು. ಅದನ್ನು ಹಿಡಿಯದೆ ಪ್ರಕಟಣೆಯ ಕಡ್ಡಾಯವನ್ನೇ ಕೈಬಿಡಲಾಯಿತು.

6

ಈ ಹಿಂಜರಿಕೆಗೆ ಆಧಾರವೇ ಇಲ್ಲವೆನ್ನಲಾಗದು. ಕಚೇರಿಯಲ್ಲಿ ತೆರೆದಿಟ್ಟ ಕಡತಕ್ಕೂ ಅಂತರಜಾಲದ ಕಡತಕ್ಕೂ ಇರುವ ಅಂತರ ದೊಡ್ಡದು. ಕಾಗದವನ್ನು ನೋಡಬೇಕಾದವನು ಹುಡುಕಿಕೊಂಡು ಬರಬೇಕಾಗಿತ್ತು. ಅವನ ಮುಖ ಕಾಣುತ್ತಿತ್ತು. ಜಾಲದಲ್ಲಿ ನೋಡುವವನು ಕಾಣುವುದಿಲ್ಲ, ಒಮ್ಮೆ ಏರಿದ್ದು ಸುಲಭವಾಗಿ ಇಳಿಯುವುದೂ ಇಲ್ಲ. ಅಭ್ಯರ್ಥಿಗಳ ಪ್ರಮಾಣಪತ್ರದ ನಮೂನೆ 26 ವಿಳಾಸ, ದೂರವಾಣಿ ಸಂಖ್ಯೆ, ಜಮೀನಿನ ಸರ್ವೆ ಸಂಖ್ಯೆ, ಬ್ಯಾಂಕಿನ ಠೇವಣಿ, ಚಿನ್ನದ ತೂಕ ಎಲ್ಲವನ್ನೂ ಕೇಳುತ್ತದೆ. ಇವುಗಳಲ್ಲಿ ಮತದಾರನಿಗೆ ಬೇಕಾದುದೂ ಕಳ್ಳನಿಗೆ ಬೇಕಾದುದೂ ಒಂದೇ ಹಾಳೆಯಲ್ಲಿವೆ.

ಇತರ ದೇಶಗಳೂ ಈ ತೊಡಕನ್ನು ಎದುರಿಸಿವೆ. ಅಮೆರಿಕದಲ್ಲಿ 1978ರ ಕಾನೂನಿನಂತೆ ಹಿರಿಯ ಅಧಿಕಾರಿಗಳ ಆಸ್ತಿವಿವರವನ್ನು ಯಾರಾದರೂ ಪಡೆಯಬಹುದು; ಆದರೆ ಪಡೆಯುವವನು ತನ್ನ ಹೆಸರು ಮತ್ತು ವಿಳಾಸ ಬರೆದುಕೊಡಬೇಕು, ವಾಣಿಜ್ಯದ ಉದ್ದೇಶಕ್ಕೆ ಬಳಸಬಾರದು. 2012ರ ಸ್ಟಾಕ್ ಅಧಿನಿಯಮ ಸುಮಾರು 28,000 ಹಿರಿಯ ಅಧಿಕಾರಿಗಳ ವಿವರವನ್ನು ಜಾಲತಾಣಕ್ಕೆ ಏರಿಸಲು ವಿಧಿಸಿತು. ಭದ್ರತೆಯ ಕಾರಣ ಮುಂದಿಟ್ಟು 2013ರ ಏಪ್ರಿಲ್‌ನಲ್ಲಿ ಅದನ್ನು ಹಿಂತೆಗೆದುಕೊಂಡರೂ ಅಧ್ಯಕ್ಷ, ಉಪಾಧ್ಯಕ್ಷ, ಶಾಸನಸಭೆಯ ಸದಸ್ಯರು ಮತ್ತು ಅತ್ಯುನ್ನತ ಹುದ್ದೆಯವರ ವಿವರ ಜಾಲದಲ್ಲಿ ಉಳಿಯಿತು. ಉಳಿದವರದು 1978ರ ಪದ್ಧತಿಯಂತೆ ಕೇಳಿದವರಿಗೆ ದೊರೆಯುತ್ತದೆ. ನಾರ್ವೆಯಲ್ಲಿ ಪ್ರತಿಯೊಬ್ಬ ಪ್ರಜೆಯ ತೆರಿಗೆ ಪಟ್ಟಿಯೇ ಸಾರ್ವಜನಿಕ. 2001ರಿಂದ ಅದು ಜಾಲದಲ್ಲಿ ಸುಲಭವಾಗಿ ಸಿಗತೊಡಗಿತು. 2014ರಿಂದ ತನ್ನ ವಿವರವನ್ನು ಯಾರು ನೋಡಿದರೆಂಬುದನ್ನು ಆಯಾ ಪ್ರಜೆ ತಿಳಿಯಬಲ್ಲ. ದಾಖಲೆ ಮುಚ್ಚಲಿಲ್ಲ, ನೋಡುವವನಿಗೂ ಹೆಸರು ಬಂದಿತು. ಹುದ್ದೆಗೆ ತಕ್ಕ ಪ್ರಮಾಣ ಮತ್ತು ನೋಡುವವನ ಹೊಣೆ ಎಂಬ ಎರಡು ಉಪಾಯಗಳು ಇಲ್ಲಿವೆ.

7

ಭಾರತದಲ್ಲಿ ತೂಕದ ವಿಧಾನ ದೊರೆತದ್ದು 2017ರ ಆಗಸ್ಟ್ 24ರಂದು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಆಧಾರ್ ಯೋಜನೆಯ ವಿರುದ್ಧ 2012ರಲ್ಲಿ ಹೂಡಿದ ಮೊಕದ್ದಮೆಯಲ್ಲಿ, 9 ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಅದನ್ನು ಮಿತಗೊಳಿಸಬೇಕಾದರೆ ಕಾನೂನಿನ ಆಧಾರವಿರಬೇಕು, ಉದ್ದೇಶ ನ್ಯಾಯಯುತವಾಗಿರಬೇಕು, ಉಪಾಯ ಉದ್ದೇಶಕ್ಕೆ ತಕ್ಕ ಪ್ರಮಾಣದಲ್ಲಿರಬೇಕು. ಸರ್ಕಾರದ ಎದುರು ಸಾಮಾನ್ಯ ಪ್ರಜೆಯನ್ನು ಕಾಪಾಡಲು ಹುಟ್ಟಿದ ಹಕ್ಕು ಇದೆಂಬುದನ್ನು ಮರೆಯಬಾರದು.

2024ರ ಏಪ್ರಿಲ್ 9ರ ತೀರ್ಪೊಂದು ಈ ತೂಕಕ್ಕೆ ಉತ್ತಮ ಉದಾಹರಣೆ. ಅರುಣಾಚಲ ಪ್ರದೇಶದ ತೇಜು ಕ್ಷೇತ್ರದ ಶಾಸಕ ಕರಿಖೋ ಕ್ರಿಯವರು ಮೂರು ವಾಹನಗಳನ್ನು ಪ್ರಮಾಣಪತ್ರದಲ್ಲಿ ತೋರಿಸಿರಲಿಲ್ಲ. ಅವು ಮೊದಲೇ ಪರಭಾರೆಯಾಗಿದ್ದವೆಂದು ಕಂಡುಕೊಂಡ ಸರ್ವೋಚ್ಚ ನ್ಯಾಯಾಲಯ ಅವರ ಆಯ್ಕೆಯನ್ನು ಎತ್ತಿಹಿಡಿಯಿತು. ಬಟ್ಟೆ, ಪಾದರಕ್ಷೆ, ಪಾತ್ರೆ, ಪೀಠೋಪಕರಣಗಳಂಥ ಪ್ರತಿಯೊಂದು ವಸ್ತುವನ್ನೂ ಅಭ್ಯರ್ಥಿ ಹೇಳಬೇಕಾಗಿಲ್ಲ. ಬೆಲೆ ದೊಡ್ಡದಾಗಿದ್ದರೆ ಅಥವಾ ಅವನ ಜೀವನಶೈಲಿಯನ್ನು ತೋರುವಂತಿದ್ದರೆ ಹೇಳಬೇಕೆಂದಿತು. ಶಾಸನ ದಾನಿಯ ಮನೆಯ ಹೊನ್ನನ್ನು ಬರೆಯದೆ ಬಿಟ್ಟು ದತ್ತಿಯ ಎಲ್ಲೆಯನ್ನು ಬಿಡದೆ ಬರೆದ ವಿವೇಕವನ್ನೇ ಇಲ್ಲಿಯೂ ಕಾಣಬಹುದು.

ಇದಕ್ಕೆ ವಿರುದ್ಧವಾಗಿದೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ. ಅದರ 44(3) ಪ್ರಕರಣ 2025ರ ನವೆಂಬರಿನಲ್ಲಿ ಜಾರಿಗೆ ಬಂದು, ಮಾಹಿತಿ ಹಕ್ಕಿನ 8(1)(ಜೆ) ಪ್ರಕರಣವನ್ನು ವೈಯಕ್ತಿಕ ಮಾಹಿತಿ ಎಂಬಷ್ಟಕ್ಕೆ ಇಳಿಸಿತು. ಸಾರ್ವಜನಿಕ ಕಾರ್ಯದ ಸಂಬಂಧ, ಅಕಾರಣ ಧಕ್ಕೆ, ವಿಶಾಲ ಹಿತ, ಪರಂತುಕ ಎಲ್ಲವೂ ಹೋದವು. ಸಾರ್ವಜನಿಕ ಹಿತ ಹೆಚ್ಚಿದ್ದರೆ ಮಾಹಿತಿ ಕೊಡಬಹುದೆಂಬ 8(2) ಪ್ರಕರಣ ಉಳಿದಿದೆಯಲ್ಲ ಎಂಬ ಸಮಾಧಾನವುಂಟು. ಆದರೆ ವಿನಾಯಿತಿಯೊಳಗೇ ತೂಕವಿದ್ದಾಗ ನಿರಾಕರಿಸುವ ಅಧಿಕಾರಿ ಮೊದಲು ತೂಗಬೇಕಾಗಿತ್ತು. ಈಗ ಮೊದಲು ನಿರಾಕರಿಸಿ ಬಳಿಕ ತೂಗಬಹುದು. ಕಾನೂನಿನ ಹೊಣೆಯಂತೆ ಬಹಿರಂಗಗೊಂಡ ದತ್ತಾಂಶಕ್ಕೆ ಹೊಸ ಅಧಿನಿಯಮ ಅನ್ವಯಿಸದ ಕಾರಣ ಅಭ್ಯರ್ಥಿಗಳ ಪ್ರಮಾಣಪತ್ರಗಳು ತೆರೆದೇ ಇರುತ್ತವೆ. ಐದು ವರ್ಷಕ್ಕೊಮ್ಮೆ ಜನರೆದುರು ಬರುವವನ ಆಸ್ತಿ ಕಲ್ಲಿನ ಮೇಲಿದೆ. ಮೂವತ್ತು ವರ್ಷ ಅಧಿಕಾರದಲ್ಲಿರುವವನ ಆಸ್ತಿ ಕಡತದೊಳಗಿದೆ.

8

ಒಟ್ಟಿನಲ್ಲಿ, ಈ ಇತಿಹಾಸದಲ್ಲಿ ಮೂರು ಹಂತಗಳು ಕಾಣುತ್ತವೆ: ಅರಸನು ತಿಳಿಯುವುದು, ಪ್ರಜೆ ತಿಳಿಯುವುದು, ಲೋಕವೆಲ್ಲ ಎಂದೆಂದಿಗೂ ತಿಳಿಯುವುದು. ಮೂರನೆಯ ಹಂತದ ತೊಂದರೆಗೆ ಪರಿಹಾರವೆಂದು ನಮ್ಮ ಕಾನೂನು ಪದೇ ಪದೇ ಮೊದಲನೆಯ ಹಂತಕ್ಕೆ ಮರಳಿದೆ. 2016ರಲ್ಲಿ ಆದದ್ದು ಅದೇ, 2023ರಲ್ಲಿ ಆದದ್ದೂ ಅದೇ. ಆದರೆ ಎರಡನೆಯ ಹಂತವನ್ನು ಬಿಡದೆಯೇ ಮೂರನೆಯದನ್ನು ಪಳಗಿಸುವ ದಾರಿಗಳು ಮೇಲಿನ ನಿದರ್ಶನಗಳಲ್ಲಿಯೇ ಇವೆ. ವಿವರ ಸಲ್ಲಿಸಿದವರ, ಸಲ್ಲಿಸದವರ ಹೆಸರು ಎಲ್ಲರಿಗೂ ತಿಳಿಯಬೇಕು. ಹುದ್ದೆ ಎತ್ತರವಾದಂತೆ ವಿವರ ಹೆಚ್ಚು ತೆರೆಯಬೇಕು. ಆಸ್ತಿಯ ಮೌಲ್ಯ, ಮೂಲ ಮತ್ತು ವರ್ಷದಿಂದ ವರ್ಷಕ್ಕೆ ಆದ ಬದಲಾವಣೆ ಪ್ರಕಟವಾಗಬೇಕು. ಮನೆಯ ವಿಳಾಸ, ಖಾತೆಯ ಸಂಖ್ಯೆ, ಮಕ್ಕಳ ಹೆಸರು ಪ್ರಕಟವಾಗಬೇಕಾಗಿಲ್ಲ.

ರಾಜ್ಯದ ಹೊರಗಿದ್ದು ಕರ್ನಾಟಕದ ಸಾರ್ವಜನಿಕ ಬದುಕನ್ನು ಅಭ್ಯಾಸಮಾಡುವ ಸಂಶೋಧಕರಿಗೆ ಈ ಪ್ರಶ್ನೆ ದೂರದ್ದಲ್ಲ. ದತ್ತಿಶಾಸನಗಳಿಲ್ಲದಿದ್ದರೆ ನಾಡಿನ ಮಧ್ಯಕಾಲೀನ ಭೂಸಂಬಂಧಗಳ ಚರಿತ್ರೆಯನ್ನು ಬರೆಯುವುದು ಸಾಧ್ಯವಿರಲಿಲ್ಲ. 2003ರಿಂದ ಈಚೆಗಿನ ಪ್ರಮಾಣಪತ್ರಗಳು ನಮ್ಮ ಕಾಲದ ಅಂಥದೇ ಆಕರ. ಬೆಂಗಳೂರಿಗೆ ಹೋಗಿ ಕಚೇರಿಯ ಬಾಗಿಲಲ್ಲಿ ನಿಲ್ಲದೆ, ದೆಹಲಿಯಲ್ಲಿಯೋ ಪುಣೆಯಲ್ಲಿಯೋ ಕುಳಿತು ಓದಬಹುದಾದ ಈ ಆಕರದಲ್ಲಿ ಅಧಿಕಾರಿವರ್ಗದ ಭಾಗ ಮಾತ್ರ ಬರಿದಾಗಿದೆ. ಕಳೆದ ಎರಡು ದಶಕಗಳಲ್ಲಿ ಭೂಮಿ ಯಾರ ಕೈಯಿಂದ ಯಾರ ಕೈಗೆ ಹೋಯಿತೆಂದು ಮುಂದೊಂದು ದಿನ ಬರೆಯಹೊರಟವನಿಗೆ ಆ ಭಾಗವೇ ಹೆಚ್ಚು ಬೇಕಾಗುತ್ತದೆ.